ಶರ್ಟಿಗೆ ಹತ್ತಿದ ಕ್ಯಾಥೋಡ್

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಸೀನು. ಆ ಸೀನಿಗೆ ಮೂಲ, ಬಣ್ಣದಣ್ಣ ಮೈಮೇಲೆ ಸುರಿದುಕೊಂಡು ಬಂದಿದ್ದ ಸೆಂಟು.

ಸೀನಿದವನು ಮಸಿಯಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಸಂಶೋಧನಾಲಯದಲ್ಲಿ ಅದು ಗೊತ್ತಿದ್ದದ್ದು ಸಂಬಳದ ಗುಮಾಸ್ತರೊಬ್ಬರಿಗೇ. ಹಗಲೆಲ್ಲ ಕರಿಪುಡಿಯಲ್ಲಿ ಕೈಯಾಡಿಸುತ್ತಿದ್ದುದರಿಂದ ಅವನು ಹೋದಲ್ಲೆಲ್ಲ ಗುರುತು ಬಿಡುತ್ತಿದ್ದ: ಸ್ವಿಚ್ಚಿನ ಮೇಲೆ, ಟೀ ಲೋಟದ ಮೇಲೆ, ಮನೆಯ ಫ್ರಿಜ್ಜಿನ ಬಾಗಿಲ ಮೇಲೆ, ಮಗಳ ಕೆನ್ನೆಯ ಮೇಲೆ. ಉಳಿದಿದ್ದ ಕೇಕು ಯಾರು ಖಾಲಿ ಮಾಡಿದರು ಎಂದು ಆ ಮನೆಯಲ್ಲಿ ಯಾರೂ ವಿಚಾರಣೆ ಮಾಡಬೇಕಾಗಿರಲಿಲ್ಲ.

ಅವನ ಕೆಲಸ ಮೆಥನಾಲ್‌ನಿಂದ ಕರೆಂಟು ಮಾಡುವ ಇಂಧನಕೋಶ. ಒಂದು ಬದಿಗೆ ಮೆಥನಾಲ್, ಇನ್ನೊಂದು ಬದಿಗೆ ಗಾಳಿ, ನಡುವೆ ಈರುಳ್ಳಿ ಸಿಪ್ಪೆಯಂಥ ತೆಳು ಪೊರೆ. ಎರಡೂ ತಂತಮ್ಮ ಬದಿಯಲ್ಲಿ ಕೆಲಸ ಮಾಡಿಕೊಂಡಿದ್ದರೆ ಜಗಳವೇ ಇಲ್ಲ. ಆದರೆ ಮೆಥನಾಲ್ ತನ್ನ ಮನೆಯಲ್ಲಿ ಕೂರುವ ಪೈಕಿಯಲ್ಲ. ಪೊರೆಯಲ್ಲಿ ನುಸುಳಿಕೊಂಡು, ಮಧ್ಯಾಹ್ನ ಹೊತ್ತು ಹೋಗದ ನೆರೆಮನೆಯವರ ಹಾಗೆ, ಆಚೆ ಬದಿಗೆ ಹೋಗಿಬಿಡುತ್ತದೆ. ಗಾಳಿಯ ಆ ಬದಿಗೆ ಕ್ಯಾಥೋಡ್ ಎಂದು ಹೆಸರು. ಅಲ್ಲಿ ಆಮ್ಲಜನಕದ ಕೆಲಸವನ್ನು ಚುರುಕು ಮಾಡಲು ಪ್ಲಾಟಿನಂ ಕೂತಿರುತ್ತದೆ. ಮೆಥನಾಲ್ ಮುಖ ಕಂಡದ್ದೇ ತಡ, ಪ್ಲಾಟಿನಂ ಕೈಯಲ್ಲಿದ್ದ ಕೆಲಸ ಬಿಸಾಕಿ ಅದರ ಜೊತೆ ಹರಟೆಗೆ ಇಳಿಯುತ್ತದೆ. ವೋಲ್ಟೇಜು ದಬಕ್ಕನೆ ಬೀಳುತ್ತದೆ.

ಮೆಥನಾಲ್ ಎದುರಿಗೆ ಬಂದು ನಿಂತರೂ ತಲೆ ಎತ್ತದೆ ತನ್ನ ಪಾಡಿಗೆ ದುಡಿಯುವಂಥ ವೇಗವರ್ಧಕ ಬೇಕಿತ್ತು. ಮಸಿಯಪ್ಪ ವರ್ಷಗಟ್ಟಲೆ ಅದನ್ನೇ ಹುಡುಕುತ್ತಿದ್ದ. ಕಬ್ಬಿಣ, ಸಾರಜನಕ, ಇಂಗಾಲ ಇವನ್ನು ಹೇಗೆ ಹೇಗೋ ಬೆರೆಸಿ ಕುಲುಮೆಯಲ್ಲಿ ಬೇಯಿಸಿದ. ಎಷ್ಟೋ ಸಲ ಬೇಯಿಸಿ, ಎಷ್ಟೋ ಸಲ ಚೆಲ್ಲಿ, ಕೊನೆಗೆ ಹಿಂದಿನ ಸಂಜೆ ಕುಲುಮೆಯಿಂದ ಒಂದು ಚಿಟಿಕೆ ಪುಡಿ ಹೊರಬಂದಿತ್ತು. ತುಣುಕಿನಷ್ಟನ್ನು ಪರೀಕ್ಷಿಸಿ ನೋಡಿದಾಗ ಅವನ ಎದೆ ಡವಡವ ಹೊಡೆದುಕೊಂಡಿತ್ತು. ಇದೇ! ಇದೇ ಅದು!

ಅವತ್ತು ಮಧ್ಯಾಹ್ನ ಪರಿಶೀಲನೆಗೆ, ಸಂಶೋಧನೆಗಳಿಗೆ ಹಣ ಮಂಜೂರು ಮಾಡುವ ದೊಡ್ಡ ಮೇಡಂ ಬರುವವರಿದ್ದರು. ಮೆಥನಾಲ್ ಹಾಕಿದರೂ ವೋಲ್ಟೇಜು ಬೀಳದಿದ್ದರೆ ಮಸಿಯಪ್ಪನ ಕೆಲಸ ಮುಂದುವರಿಯುತ್ತದೆ. ಬಿದ್ದರೆ ಅವನ ಕೋಣೆ, ಕುಲುಮೆ, ಮೇಜು ಎಲ್ಲ ಪಕ್ಕದ ಬಣ್ಣದ ವಿಭಾಗಕ್ಕೆ.

ಬಣ್ಣದ ವಿಭಾಗದ ಮುಖ್ಯಸ್ಥನೇ ಬಣ್ಣದಣ್ಣ. ಸಾಲದ್ದಕ್ಕೆ ಮಸಿಯಪ್ಪನ ಷಡ್ಡಕ. ಅಕ್ಕನನ್ನು ಅವನು ಮದುವೆಯಾಗಿದ್ದ, ತಂಗಿಯನ್ನು ಇವನು. ಹಾಗಾಗಿ ಆಫೀಸಿನಲ್ಲಿ ನಡೆದದ್ದು ಮನೆಗೂ, ಮನೆಯಲ್ಲಿ ನಡೆದದ್ದು ಆಫೀಸಿಗೂ ಇವರಿಬ್ಬರಿಗಿಂತ ಮುಂಚೆ ತಲುಪುತ್ತಿತ್ತು. ಬಣ್ಣದಣ್ಣ ಕೆಟ್ಟವನಲ್ಲ. ಆದರೆ ಹಿಂದಿನ ವಾರವೇ ಟೇಪು ತಂದು ಮಸಿಯಪ್ಪನ ಕೋಣೆಯ ಗೋಡೆ ಅಳೆದಿದ್ದ.

"ನೀನು ಹೋಗ್ತೀಯ ಅಂತಲ್ಲಪ್ಪ ತಮ್ಮಾ," ಎಂದಿದ್ದ, "ಒಂದು ವೇಳೆ ಹೋದ್ರೆ ಅಂತ. ಆಮೇಲೆ ಗಡಿಬಿಡಿ ಯಾಕೆ?"

ಬೆಳಗ್ಗೆ ಮಸಿಯಪ್ಪ ಪುಡಿಯನ್ನು ಗಾಜಿನ ಬಿಲ್ಲೆಯ ಮೇಲೆ ಹಾಕಿ, ಉಸಿರು ಬಿಗಿಹಿಡಿದು ತೂಗುತ್ತಿದ್ದ. ಆಗ ಬಣ್ಣದಣ್ಣ ಒಳಗೆ ಬಂದ. ಮೇಡಂ ಬರುತ್ತಾರೆಂದು ಹಾಲಿನಂಥ ಹೊಸ ಬಿಳಿ ಶರ್ಟು. ಅದರ ಮೇಲೆ ಇಡೀ ಹೂವಿನಂಗಡಿಯೇ ಕವುಚಿಬಿದ್ದ ಹಾಗೆ ಸೆಂಟು.

"ಹೇಗಿದೆ ಶರ್ಟು? ನಿಮ್ಮಕ್ಕ ಕೊಡ್ಸಿದ್ದು," ಎಂದು ಎದೆ ಮುಂದೆ ಮಾಡಿ ತಕ್ಕಡಿಯ ಮೇಲೆ ಬಾಗಿದ.

"ಅಣ್ಣ, ಸ್ವಲ್ಪ ದೂರ..." ಎಂದ ಮಸಿಯಪ್ಪ. ಮೂಗಿನ ತುದಿಯಲ್ಲಿ ಇರುವೆ ಹರಿದಂತಾಯಿತು. ತಡೆದುಕೊಂಡ. ಕಣ್ಣಲ್ಲಿ ನೀರು ಬಂತು. ಇನ್ನೂ ತಡೆದುಕೊಂಡ. ತಡೆದುಕೊಂಡದ್ದೇ ತಪ್ಪಾಯಿತು. ಸೀನು ಬಡ್ಡಿ ಸಮೇತ ಹೊರಬಿತ್ತು.

ಬಿಲ್ಲೆ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಬಣ್ಣದಣ್ಣನ ಎದೆಯ ಮೇಲೆ ಕಾಗೆಯೊಂದು ರೆಕ್ಕೆ ಬಿಚ್ಚಿ ಕೂತಂತೆ ಕಪ್ಪು ಮೂಡಿತ್ತು.

ಬಣ್ಣದಣ್ಣ ಕೊಡವಿಕೊಳ್ಳಲು ಕೈಯೆತ್ತಿದ.

"ಮುಟ್ಬೇಡ!" ಮಸಿಯಪ್ಪ ಕಿರುಚಿದ. "ಅಣ್ಣ, ಅಲ್ಲಾಡ್ಬೇಡ. ಉಸಿರಾಡ್ಬೇಡ!"

"ಉಸಿರಾಡ್ದೆ ಹೇಗಯ್ಯಾ ಇರ್ಲಿ?"

"ಮೆಲ್ಲಗೆ ಆಡು. ನಿನ್ನ ಮೈಮೇಲೆ ಇರೋದು ನನ್ನ ಕ್ಯಾಥೋಡ್!"

"ನನ್ನ ಮೈಮೇಲೆ ಇರೋದು ನನ್ನ ಶರ್ಟು," ಎಂದ ಬಣ್ಣದಣ್ಣ. "ಇದಕ್ಕೆ ಏನಾದ್ರೂ ಆದ್ರೆ ಮನೆಗೆ ಬರ್ಲೇಬೇಡಿ ಅಂದಿದ್ದಾಳೆ." ಹಾಗೆಂದವನೇ ನಲ್ಲಿಯ ಕಡೆಗೆ ಓಡಿದ.

ಮಸಿಯಪ್ಪ ಹಿಂದೆ ಓಡಿದ. ಮುಂದೆ ಎದೆಯುಬ್ಬಿಸಿಕೊಂಡು ಬಣ್ಣದಣ್ಣ, ಹಿಂದೆ ಎರಡೂ ಕೈಗಳನ್ನು ಬೊಗಸೆ ಮಾಡಿಕೊಂಡು, ಉದುರಿದ್ದನ್ನು ಹಿಡಿಯುತ್ತ ಮಸಿಯಪ್ಪ. ಪಡಸಾಲೆಯಲ್ಲಿ ನಿಂತವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ನಲ್ಲಿ ತಿರುಗುವ ಮುಂಚೆ ಮಸಿಯಪ್ಪ ಅವನನ್ನು ಹಿಡಿದುಬಿಟ್ಟ.

"ನೀರು ತಾಗ್ಸಿದ್ರೆ ನನ್ನ ಇಷ್ಟು ವರ್ಷದ ಕೆಲಸ ಮೋರಿ ಪಾಲು ಅಣ್ಣ. ಶರ್ಟು ಬಿಚ್ಚಿ ಕೊಡು. ಪುಡಿ ತೆಕ್ಕೊಂಡು, ಶರ್ಟು ಹೊಸದರ ಹಾಗೆ ಮಾಡಿ ವಾಪಸ್ ಕೊಡ್ತೀನಿ."

"ಬಿಚ್ಚಿ? ಇಲ್ಲಿ?"

"ನಾನೇ ಬಿಚ್ತೀನಿ, ನೀನು ಬಿಚ್ಚಿದ್ರೆ ಉದುರತ್ತೆ."

ಮಸಿಯಪ್ಪ ಷಡ್ಡಕನನ್ನು ಗೋಡೆಗೆ ನಿಲ್ಲಿಸಿ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಗುಂಡಿಯನ್ನು ಹೂವಿನ ಎಸಳು ಬಿಡಿಸುವಂತೆ ಬಿಡಿಸತೊಡಗಿದ. ಬಣ್ಣದಣ್ಣ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಅದೇ ಹೊತ್ತಿಗೆ ನಿರ್ದೇಶಕರು ಮೂಲೆ ತಿರುಗಿ ಬಂದರು. ನಿಂತರು. ಇಬ್ಬರನ್ನೂ ನೋಡಿದರು.

"ಮೇಡಂ ಮಧ್ಯಾಹ್ನ ಬರೋದು," ಎಂದಷ್ಟೇ ಹೇಳಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು.

ಬಣ್ಣದಣ್ಣ ಗುಂಡಿ ಕಿತ್ತುಹೋದ ಹಳೆಯ ಬಿಳಿ ಕೋಟೊಂದರಲ್ಲಿ ಸೇರಿಕೊಂಡು, ಎದೆಯ ಬಳಿ ಕಾಗದದ ಕ್ಲಿಪ್ಪು ಹಾಕಿಕೊಂಡ. ಆಮೇಲೆ ಮಾಡಬಾರದ ಕೆಲಸವೊಂದನ್ನು ಮಾಡಿದ. ಹೆಂಡತಿಗೆ ಫೋನು ಮಾಡಿ ನಿಜ ಹೇಳಿದ.

ಮಸಿಯಪ್ಪ ಶರ್ಟನ್ನು ಮಡಿಸದೆ, ಅಲುಗಿಸದೆ, ನಿದ್ದೆಹೋದ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕೋಣೆಗೆ ಬರುವಷ್ಟರಲ್ಲಿ ಅವನ ಫೋನು ಬಡಿದುಕೊಳ್ಳುತ್ತಿತ್ತು. ಆ ಕಡೆ ಅವನ ಹೆಂಡತಿ.

"ಏನ್ರೀ, ಭಾವನ ಹೊಸ ಶರ್ಟಿಗೆ ಮಸಿ ಬಳಿದ್ರಂತೆ?"

"ಬಳೀಲಿಲ್ಲ ಕಣೇ, ಸೀನಿದೆ."

"ಸೀನಿದ್ರೆ ಮಸಿ ಬರತ್ತಾ? ನಿಮ್ಮ ಮೂಗಲ್ಲೂ ಅದೇ ತುಂಬ್ಕೊಂಡಿದ್ಯಾ? ಅಕ್ಕ ಅಲ್ಲಿ ಅಳ್ತಾ ಕೂತಿದ್ದಾಳೆ. ಆ ಶರ್ಟು ಹುಡುಕೋಕೆ ನಾನೂ ಅವಳ ಜೊತೆ ಊರೆಲ್ಲ ಅಲೆದಿದ್ದೀನಿ. ನಿಂಬೆಹಣ್ಣು ಹಾಕಿ ಉಜ್ಜಿ. ಹೋಗ್ಲಿಲ್ಲ ಅಂದ್ರೆ ಉಪ್ಪು. ಅದಕ್ಕೂ ಹೋಗ್ಲಿಲ್ಲ ಅಂದ್ರೆ ಹಲ್ಲುಜ್ಜೋ ಪೇಸ್ಟು."

"ಇದು ಕಬ್ಬಿಣ, ಸಾರಜನಕ, ಇಂಗಾಲ..."

"ಏನಾದ್ರೂ ಆಗ್ಲಿ, ಸಂಜೆ ಒಳಗೆ ಬೆಳ್ಳಗಿರ್ಬೇಕು," ಎಂದು ಫೋನು ಇಟ್ಟಳು.

ಗಾಜಿನ ಸಾಮಾನುಗಳನ್ನು ಶಬ್ದದ ಅಲೆಗಳಿಂದ ಅದುರಿಸಿ ತೊಳೆಯುವ ಪುಟ್ಟ ತೊಟ್ಟಿಯೊಂದು ಕೋಣೆಯಲ್ಲಿತ್ತು. ಅದಕ್ಕೆ ಸ್ಪಿರಿಟ್ಟು ಸುರಿದು ಮಸಿಯಪ್ಪ ಶರ್ಟನ್ನು ಇಳಿಬಿಟ್ಟ. ತೊಟ್ಟಿ ಸೊಳ್ಳೆಯ ಸಂಸಾರದಂತೆ ಗುಯ್ ಎಂದಿತು. ಸ್ಪಿರಿಟ್ಟು ನಿಧಾನವಾಗಿ ಬೂದಿಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗಿತು. ಅವನ ಮುಖ ಬೆಳಗಿತು. ಸೋಸಿದ. ಸೋಸು ಕಾಗದದ ಮೇಲೆ ಪುಡಿ ನಿಂತಿತು. ಎಲ್ಲವೂ ಅಲ್ಲ, ಒಂದು ಕ್ಯಾಥೋಡಿಗೆ ಸಾಕಾಗುವಷ್ಟು. ಜೊತೆಗೆ ಶರ್ಟಿನ ಗಂಜಿ, ಒಂದಿಷ್ಟು ನೂಲಿನ ಧೂಳು, ಸೆಂಟಿನ ವಾಸನೆ.

"ಬಂತು ಅಣ್ಣ! ಬಂತು!"

ಬಣ್ಣದಣ್ಣ ಶರ್ಟನ್ನು ಎತ್ತಿ ಬೆಳಕಿಗೆ ಹಿಡಿದ. ಕಾಗೆ ಸ್ವಲ್ಪ ಬಡವಾಗಿತ್ತು, ಅಷ್ಟೇ. ಹಾರಿಹೋಗಿರಲಿಲ್ಲ.

"ನಿಂದು ಬಂತು. ನಂದು ಹೋಗ್ಲಿಲ್ವಲ್ಲ?"

"ಹೋಗತ್ತೆ ಇರು. ಮೊದ್ಲು ಇದನ್ನ ಮುಗಿಸ್ತೀನಿ."

ಪುಡಿಯನ್ನು ಶಾಯಿಯಂತೆ ಕಲಸಿ, ಇಂಗಾಲದ ಕಾಗದದ ಮೇಲೆ ಸಣ್ಣ ಕುಂಚದಿಂದ ಹಚ್ಚಿ, ಒಣಗಿಸಿ, ಪೊರೆಗೆ ಸೇರಿಸಿ ಬಿಸಿಯಲ್ಲಿ ಒತ್ತಲು ಮಸಿಯಪ್ಪ ಕೆಳಮಹಡಿಗೆ ಓಡಿದ. ಒತ್ತುವ ಯಂತ್ರದ ಮುಂದೆ ಕೂತು, ಹೆರಿಗೆ ಕೋಣೆಯ ಹೊರಗೆ ಕೂತ ಗಂಡನಂತೆ, ಕಾಲು ಕುಣಿಸುತ್ತ ಕಾದ. ಎಲ್ಲ ಸರಿಯಾಯಿತು. ಕೋಶವನ್ನು ಜೋಡಿಸಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಬಂದು ನೋಡಿದರೆ ಬಣ್ಣದಣ್ಣ ತೋಳಿನವರೆಗೂ ರಬ್ಬರಿನ ಗ್ಲೋವ್ಸು ಹಾಕಿಕೊಂಡು, ಗಾಳಿ ಹೀರುವ ಗಾಜಿನ ಕಪಾಟಿನೊಳಗೆ ಒಂದು ಬೋಗುಣಿಯಲ್ಲಿ ಶರ್ಟು ಅದ್ದುತ್ತಿದ್ದ. ಪಕ್ಕದಲ್ಲಿ ಖಾಲಿ ಬಾಟಲಿ ಅಂಗಾತ ಬಿದ್ದಿತ್ತು.

"ನಿಂಬೆಹಣ್ಣು ಆಯ್ತು," ಎಂದ ಬಣ್ಣದಣ್ಣ ಬೆವರು ಒರೆಸಿಕೊಂಡು, "ಉಪ್ಪು, ಪೇಸ್ಟು, ನಮ್ಮ ವಿಭಾಗದ ಥಿನ್ನರ್ರು ಎಲ್ಲ ಆಯ್ತು. ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ. ಇನ್ನು ಇದೊಂದು ನೋಡೋಣ ಅಂತ ಹಾಕ್ದೆ."

"ಯಾವ್ದು ಇದು?"

"ಅಲ್ಲೇ ಇತ್ತಲ್ಲ, ನಿನ್ನ ಮೆಥನಾಲು."

ಮಸಿಯಪ್ಪ ಬಾಟಲಿ ಎತ್ತಿ ಬೋರಲು ಹಿಡಿದು ನೋಡಿದ. "ಪೂರ್ತೀನಾ?"

"ಅರ್ಧ ಹಾಕಿದ್ರೆ ಅರ್ಧ ಕಲೆ ಹೋಗತ್ತೆ ಅಷ್ಟೇ ಅಲ್ವಾ?"

"ಅಣ್ಣ, ಇಡೀ ಕಟ್ಟಡದಲ್ಲಿ ಇದ್ದದ್ದು ಅದೊಂದೇ ಬಾಟಲಿ! ಅದಿಲ್ದೆ ಮೇಡಂಗೆ ಏನು ತೋರಿಸ್ಲಿ? ನನ್ನ ತಲೇನಾ?"

ಮೆಟ್ಟಿಲ ಕಡೆಯಿಂದ ನಿರ್ದೇಶಕರ ಜೋರು ನಗು ಕೇಳಿಸಿತು. ನಿರ್ದೇಶಕರು ನಗುವುದು ಮೇಲಿನವರು ಜೊತೆಗಿದ್ದಾಗ ಮಾತ್ರ. ಮೇಡಂ ಹೇಳಿದ್ದಕ್ಕಿಂತ ಬೇಗ ಬಂದಿದ್ದರು.

ಮಸಿಯಪ್ಪ ಬೋಗುಣಿ ನೋಡಿದ. ಶರ್ಟು ನೋಡಿದ. ಗ್ಲೋವ್ಸು ಏರಿಸಿಕೊಂಡ. "ಹಿಂಡು," ಎಂದ.

"ಏನು?"

"ಶರ್ಟು ಹಿಂಡು! ನೀನು ಆ ತುದಿ ಹಿಡ್ಕೋ, ನಾನು ಈ ತುದಿ ಹಿಡ್ಕೋತೀನಿ."

ಷಡ್ಡಕರಿಬ್ಬರೂ ಕಪಾಟಿನೊಳಗೆ ಕೈ ತೂರಿಸಿ, ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ ತಿರುಚಿದರು. ಸಿಕ್ಕಿದಷ್ಟನ್ನು ಸೋಸಿ, ಸ್ವಲ್ಪವನ್ನು ಹಾಗೇ ಗಟ್ಟಿಯಾಗಿ ಎತ್ತಿಟ್ಟು, ಮಿಕ್ಕದ್ದಕ್ಕೆ ನೀರು ಬೆರೆಸಿ ಮಸಿಯಪ್ಪ ಕೋಶದ ತೊಟ್ಟಿಗೆ ತುಂಬಿದ. ಅಂದರೆ ಈಗ ಕ್ಯಾಥೋಡ್ ಬಂದದ್ದೂ ಶರ್ಟಿನಿಂದ, ಇಂಧನ ಬಂದದ್ದೂ ಶರ್ಟಿನಿಂದ. ಬಣ್ಣದಣ್ಣ ಶರ್ಟನ್ನು ಕಿಟಕಿಯ ಸರಳಿಗೆ ನೇತುಹಾಕಿ, ಕೋಟಿನ ಕ್ಲಿಪ್ಪು ಸರಿಮಾಡಿಕೊಳ್ಳುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ದೊಡ್ಡ ಮೇಡಂ ಹೆಸರಿಗೆ ದೊಡ್ಡವರು, ಆಳು ಮೊಳದುದ್ದ. ಬೆಳ್ಳಗೆ ನರೆತ ಕೂದಲು, ಕುತ್ತಿಗೆಗೆ ತೂಗುಬಿಟ್ಟ ಕನ್ನಡಕ. ಯಾವುದನ್ನು ಕಂಡರೂ ಬೆರಳಿನಿಂದ ತಿಕ್ಕಿ ನೋಡುವ ಅಭ್ಯಾಸ. ಬಂದವರೇ ಮೇಜು ತಿಕ್ಕಿದರು, ಬಾಗಿಲ ಹಿಡಿ ತಿಕ್ಕಿದರು, ಎರಡರ ಮೇಲೂ ಇದ್ದ ಮಸಿಯಪ್ಪನ ಬೆರಳಚ್ಚು ತಿಕ್ಕಿದರು.

"ಕೋಣೆಯಲ್ಲಿ ಏನೋ ಘಮಘಮ ಅನ್ನತ್ತಲ್ಲ?" ಎಂದರು.

"ಹೊಸ ಇಂಧನ ಮೇಡಂ," ಎಂದರು ಏನೂ ಗೊತ್ತಿಲ್ಲದ ನಿರ್ದೇಶಕರು.

"ಹೂಂ. ಏನಪ್ಪ ನಿನ್ನದು? ಚುಟುಕಾಗಿ ಹೇಳು, ನಾನು ರೈಲು ಹಿಡೀಬೇಕು."

ಮಸಿಯಪ್ಪ ಹಿಂದಿನ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಭಾಷಣ ಆ ಗಳಿಗೆಯಲ್ಲಿ ಹಕ್ಕಿಯಂತೆ ಹಾರಿಹೋಯಿತು. "ಮೇಡಂ, ಇದು ಕಪ್ಪು ಪುಡಿ," ಎಂದ. "ಮೆಥನಾಲ್ ಬಂದ್ರೂ ಇದು ಜಗ್ಗಲ್ಲ. ಅಷ್ಟೇ."

ತಂತಿ ಸೇರಿಸಿದ. ಬೆರಳುದ್ದದ ಪ್ಲಾಸ್ಟಿಕ್ ಫ್ಯಾನು ಒಮ್ಮೆ ತೂಕಡಿಸಿತು, ಯೋಚಿಸಿತು, ಆಮೇಲೆ ಸರ್ರನೆ ತಿರುಗತೊಡಗಿತು. ಮೀಟರಿನ ಅಂಕಿ ಮೇಲೇರಿ ನಿಂತಿತು. ಮಸಿಯಪ್ಪ ಗಟ್ಟಿ ಮೆಥನಾಲನ್ನು ಒಂದಿಷ್ಟು ಸುರಿದ. ಪ್ಲಾಟಿನಂ ಆಗಿದ್ದರೆ ಇಷ್ಟರಲ್ಲಿ ಹರಟೆಗೆ ಕೂತಿರುತ್ತಿತ್ತು. ಅಂಕಿ ಕದಲಲಿಲ್ಲ. ಇನ್ನಷ್ಟು ಸುರಿದ. ಕದಲಲಿಲ್ಲ. ಉಳಿದದ್ದನ್ನೆಲ್ಲ ಸುರಿದ. ಫ್ಯಾನು ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

ಮಸಿಯಪ್ಪ ಮೀಟರಿನಿಂದ ಕಣ್ಣು ಕೀಳಲಿಲ್ಲ. ಎಷ್ಟು ಸಲ ಈ ಅಂಕಿ ಅವನ ಕಣ್ಣೆದುರು ಜಾರಿಬಿದ್ದಿತ್ತು! ಎಷ್ಟು ಸಂಜೆ ಮೀಟರು ಆರಿಸಿ, ಮನೆಗೆ ಹೋಗಿ, ಹೆಂಡತಿ ಏನಾಯಿತು ಎಂದು ಕೇಳದಿರಲಿ ಎಂದು ಮಗಳಿಗೆ ಪಾಠ ಹೇಳಿಕೊಡುವ ನೆವ ಹೂಡಿದ್ದ! ಇವತ್ತು, ಸೀನಿನಲ್ಲಿ ಹಾರಿ, ಸ್ಪಿರಿಟ್ಟಿನಲ್ಲಿ ಮುಳುಗಿ, ಗಂಜಿಯಲ್ಲಿ ಹೊರಳಿ ಬಂದರೂ ಆ ಪುಡಿ ಅವನ ಮಾನ ಉಳಿಸಿತ್ತು.

"ನೋಡಿ ಮೇಡಂ! ಬೀಳ್ಲಿಲ್ಲ!" ಎಂದು ತಿರುಗಿದ.

ಮೇಡಂ ಅಲ್ಲಿರಲಿಲ್ಲ. ಕಿಟಕಿಯ ಹತ್ತಿರ ನಿಂತು, ಕನ್ನಡಕ ಏರಿಸಿಕೊಂಡು, ಶರ್ಟಿನ ಎದೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕುತ್ತಿದ್ದರು.

"ಯಾರದ್ದು ಇದು?"

"ನಂದು ಮೇಡಂ," ಎಂದ ಬಣ್ಣದಣ್ಣ, ಕೋಟನ್ನು ಬಿಗಿಯಾಗಿ ಹಿಡಿದುಕೊಂಡು.

"ಈ ಕಪ್ಪು ಹೋಗ್ಲಿಲ್ವಾ?"

ಬೆಳಗ್ಗಿನಿಂದ ಯಾರೂ ಕೇಳದಿದ್ದ ಪ್ರಶ್ನೆ. ಬಣ್ಣದಣ್ಣನ ದುಃಖದ ಕಟ್ಟೆ ಒಡೆಯಿತು. "ಎಲ್ಲಿ ಹೋಗತ್ತೆ ಮೇಡಂ! ನಿಂಬೆಹಣ್ಣು ಹಾಕ್ದೆ, ಉಪ್ಪು ಹಾಕಿ ಉಜ್ಜಿದೆ, ಪೇಸ್ಟು ತಿಕ್ಕಿದೆ, ಸ್ಪಿರಿಟ್ಟಲ್ಲಿ ಅದುರಿಸಿದ್ದಾಯ್ತು, ಥಿನ್ನರ್ರಲ್ಲಿ ನೆನೆಹಾಕಿದ್ದಾಯ್ತು, ಕೊನೆಗೆ ಇವನ ಬಾಟಲಿ ಪೂರ್ತಿ ಸುರಿದೆ. ಒಂದು ಚೂರೂ ಜಗ್ಗಲಿಲ್ಲ!"

"ಯಾವ ಬಾಟಲಿ?"

"ಮೆಥನಾಲ್ ಮೇಡಂ."

ಮೇಡಂ ಕಣ್ಣು ಮಿನುಗಿದವು. "ಸರಿಯಾಗೇ ಹೇಳಿದ ನೋಡಿ ಈತ. ಮೆಥನಾಲ್ ಬಂದ್ರೂ ಜಗ್ಗದ ಕಪ್ಪು ಪುಡಿ! ನಾನು ಏನೋ ಅಂದ್ಕೊಂಡಿದ್ದೆ."

"ಮೇಡಂ, ಅದು ಶರ್ಟಿನ ವಿಷಯ ಅಲ್ಲ," ಎಂದ ಮಸಿಯಪ್ಪ. "ಆ ಕಡೆ, ಮೀಟರು..."

"ತಡಿಯಪ್ಪ. ಒದ್ದೆ ಬಟ್ಟೆ ಮೇಲೆ ಎಲ್ಲ ಬಣ್ಣಾನೂ ಗಟ್ಟಿಯಾಗೇ ಕಾಣತ್ತೆ. ಒಣಗಿದ್ಮೇಲೆ ನೋಡ್ಬೇಕು." ಅತ್ತಿತ್ತ ನೋಡಿದ ಮೇಡಂ, ಮೇಜಿನ ಮೇಲೆ ತಿರುಗುತ್ತಿದ್ದ ಪುಟ್ಟ ಫ್ಯಾನನ್ನು ಕೋಶದ ಸಮೇತ ಎತ್ತಿ, ಶರ್ಟಿನ ಎದುರಿಗೆ ಇಟ್ಟರು. "ಹಾಂ, ಇದು ಪರವಾಗಿಲ್ಲ. ಚೆನ್ನಾಗಿ ಗಾಳಿ ಕೊಡತ್ತೆ."

ಹೀಗೆ, ಜೀವ ತೇದು ಮಾಡಿದ ಕ್ಯಾಥೋಡ್ ಲೋಕೋಪಯೋಗಕ್ಕೆ ಇಳಿದ ಮೊದಲ ದಿನವೇ ಷಡ್ಡಕನ ಶರ್ಟು ಒಣಗಿಸಿತು.

ಶರ್ಟು ಒಣಗುವಷ್ಟು ಹೊತ್ತೂ ಫ್ಯಾನು ನಿಲ್ಲಲಿಲ್ಲ, ವೋಲ್ಟೇಜು ಬೀಳಲಿಲ್ಲ. ಅದನ್ನು ಮಸಿಯಪ್ಪನ ಹೊರತು ಯಾರೂ ನೋಡಲಿಲ್ಲ. ಮೂವರೂ ಕಾಗೆಯನ್ನೇ ನೋಡುತ್ತಿದ್ದರು. ಒಣಗಿದ ಮೇಲೆ ಕಾಗೆ ಮೊದಲಿಗಿಂತ ಕಪ್ಪಾಗಿ, ರೆಕ್ಕೆಯ ಅಂಚು ಇನ್ನಷ್ಟು ಸ್ಪಷ್ಟವಾಗಿ, ಈಗಷ್ಟೇ ಬಂದು ಕೂತಂತಿತ್ತು.

"ಬಿಸಿಲಿಗೆ ಮಾಸದ, ತೊಳೆದರೆ ಹೋಗದ ಕಪ್ಪು ಬೇಕು ಅಂತ ಬಟ್ಟೆಯವರು ನನ್ನ ಪ್ರಾಣ ತಿಂತಿದ್ದಾರೆ," ಎಂದರು ಮೇಡಂ, ನಿರ್ದೇಶಕರ ಕಡೆ ತಿರುಗಿ. "ನಿಮ್ಮಲ್ಲಿ ಇದು ಇದೆ ಅಂತ ಒಂದು ಮಾತು ಹೇಳ್ಬಾರ್ದಾ?"

"ನಮ್ಮ ಬಣ್ಣದ ವಿಭಾಗ ಮೊದಲಿಂದಲೂ..." ಎಂದು ನಿರ್ದೇಶಕರು, ಬಿದ್ದ ಹಣ್ಣನ್ನು ಉಡಿಯಲ್ಲಿ ಹಿಡಿಯುವವರ ಚುರುಕಿನಿಂದ, ಆ ಮಾತನ್ನು ಹಿಡಿದುಕೊಂಡರು.

"ಕಾಣ್ತಾ ಇದೆಯಲ್ಲ. ತಾನು ಹಾಕ್ಕೊಳ್ಳೋ ಶರ್ಟಿನ ಮೇಲೇ ಪರೀಕ್ಷೆ ಮಾಡೋ ಮನುಷ್ಯ!" ಮೇಡಂ ಬಣ್ಣದಣ್ಣನ ಬೆನ್ನು ತಟ್ಟಿದರು. ಕ್ಲಿಪ್ಪು ಕಿತ್ತು ಹಾರಿತು. ಆತ ಕೋಟನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಾಗಿದ. ಮೇಡಂ ಅದನ್ನು ವಿನಯವೆಂದು ತಿಳಿದರು.

"ಮೇಡಂ, ನನ್ನ ಕೋಣೆ?" ಎಂದ ಮಸಿಯಪ್ಪ, ಕೊನೆಯ ಆಸೆಯಿಂದ.

"ಕೋಣೆ ಇರ್ಲಿ. ಕುಲುಮೆ ಇರ್ಲಿ. ನೀನೂ ಇರು. ಕೆಲಸ ಮುಂದುವರೀಲಿ. ಇವರ ಕೈಕೆಳಗೆ," ಎಂದು ಬಣ್ಣದಣ್ಣನನ್ನು ತೋರಿಸಿ, ಶರ್ಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಮೇಡಂ ರೈಲು ಹಿಡಿಯಲು ಹೊರಟರು.

ಮಸಿಯಪ್ಪ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಸುದ್ದಿ ಎಂದಿನಂತೆ ಅವನಿಗಿಂತ ಮುಂಚೆ ಬಂದಿತ್ತು. ಅವಳ ಮುಖ ಅರಳಿತ್ತು.

"ಕೋಣೆ ಉಳೀತಂತಲ್ಲ! ಭಾವನಿಗೆ ಬಡ್ತಿಯಂತೆ! ಅಕ್ಕ ಅಳೋದು ನಿಲ್ಸಿ ನಗ್ತಿದ್ದಾಳೆ. ನೀವ್ಯಾಕೆ ಹೀಗಿದ್ದೀರಿ?"

"ಅದು ಕೆಲಸ ಮಾಡ್ತು ಕಣೇ," ಎಂದ ಮಸಿಯಪ್ಪ. "ನಿಜವಾಗ್ಲೂ ಮಾಡ್ತು. ಮೆಥನಾಲ್ ಸುರಿದ್ರೂ ಬೀಳ್ಲಿಲ್ಲ."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಸೆರಗಿನಿಂದ ಅವನ ಮೂಗಿನ ತುದಿಯ ಮಸಿ ಒರೆಸಿದಳು. "ನಂಗೊತ್ತಿತ್ತು, ಆಗತ್ತೆ ಅಂತ," ಎಂದಳು. ಅವತ್ತಿಡೀ ದಿನ ಅವನ ಕ್ಯಾಥೋಡಿಗೆ ಸಿಕ್ಕ ಮೆಚ್ಚುಗೆ ಅದೊಂದೇ. ಅವನಿಗೆ ಕಣ್ಣು ತುಂಬಿ ಬರುವುದರಲ್ಲಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬಣ್ಣದಣ್ಣ.

"ತಮ್ಮಾ, ನಾಳೆ ಬೇಗ ಬಾ," ಸ್ವರದಲ್ಲಿ ಆಗಲೇ ಮೇಲಧಿಕಾರಿಯ ಭಾರ ಕೂತಿತ್ತು. "ಮೇಡಂ ರೈಲಿಂದಲೇ ಫೋನ್ ಮಾಡಿದ್ರು. ಇನ್ನೊಂದು ಡಜನ್ ಬಿಳಿ ಶರ್ಟಿನ ಮೇಲೆ ಅದೇ ಕಪ್ಪು ಹಚ್ಚಿ ಕಳಿಸ್ಬೇಕಂತೆ. ಒಂದೊಂದನ್ನೂ ನೂರು ಸಲ ಒಗೆದು ತೋರಿಸ್ಬೇಕಂತೆ. ಒಗೆಯೋದು ನಿನ್ನ ಜವಾಬ್ದಾರಿ ಅಂತ ಹೇಳ್ಬಿಟ್ಟಿದ್ದೀನಿ."

"ಆಗ್ಲಿ ಅಣ್ಣ," ಎಂದ ಮಸಿಯಪ್ಪ ಸೋತ ದನಿಯಲ್ಲಿ. "ಶರ್ಟು ಎಲ್ಲಿಂದ ತರೋದು?"

"ಅದನ್ನೂ ಯೋಚ್ನೆ ಮಾಡಿದ್ದೀನಿ. ನಿನ್ನ ಕಪಾಟಲ್ಲಿ ಎಷ್ಟಿವೆ ಅಂತ ನಿಮ್ಮಕ್ಕ ನಿನ್ನ ಹೆಂಡ್ತೀನ ಕೇಳಿ ಆಯ್ತು. ಒಂದು ಕಮ್ಮಿ ಬಿತ್ತು. ಈಗ ಹಾಕ್ಕೊಂಡಿದ್ದೀಯಲ್ಲ, ಅದನ್ನೂ ಬಿಚ್ಚಿಡು."